ಎಡಬಾಣದ ಕೀಲಿ

ನೆನಪು ಅಳಿಸುವ ಕೇಂದ್ರಕ್ಕೆ ಹೊಸ ಯಂತ್ರ ಬಂದಿತ್ತು. ಕೀಲಿಗಳೆಲ್ಲ ಹಳೆಯದರ ಹಾಗೆಯೇ ಕೆಲಸ ಮಾಡುತ್ತವೆ ಎಂದು ಕಂಪನಿಯವರು ಹೇಳಿದ್ದರು. ಆದರೆ ಅಳಿಸಬೇಕಾದ ನೆನಪಿನ ಗುರುತನ್ನು ಎಲ್ಲಿ ನಿಲ್ಲಿಸಿದರೂ ಅದು ಮುಂದಿನ ಒಂದು ಕ್ಷಣವನ್ನು ಹೆಚ್ಚಿಗೆ ಬಾಚಿಕೊಳ್ಳುತ್ತಿತ್ತು. ಹಾಗಾಗಿ ಯಂತ್ರ ನಡೆಸುವ ಮೈಮೂನಾ ಅಳಿಸುವ ಮೊದಲು ಎಡಬಾಣದ ಕೀಲಿಯನ್ನು ಒಮ್ಮೆ ಒತ್ತಿ, ಆ ಕ್ಷಣವನ್ನು ಬಿಡಿಸಿ ಗಿರಾಕಿಗೆ ತೋರಿಸುತ್ತಿದ್ದಳು.

ಇಂದಿನ ಗಿರಾಕಿ ಖಾನಾವಳಿಯ ಪಾರವ್ವ. ಅಕ್ಕನೊಂದಿಗೆ ಆದ ಜಗಳವನ್ನು ಅಳಿಸಬೇಕಿತ್ತು. ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

"ಬಾಗಲಾ ಧಡ್ ಅಂತ ಹಾಕ್ಕೊಂಡು ಹೋದ್ಲಲ್ಲ, ಅಲ್ಲೀತನಾ ತಗದಬಿಡವಾ," ಎಂದಳು ಪಾರವ್ವ.

ಮೈಮೂನಾ ಬಾಗಿಲು ಮುಚ್ಚುವವರೆಗೆ ಗುರುತು ಹಾಕಿ ಎಡಬಾಣ ಒತ್ತಿದಳು. "ಇದೊಂದು ಉಳೀತೈತಿ, ನೋಡ್ರಿ."

ಪರದೆಯಲ್ಲಿ ಬಾಗಿಲು ಮತ್ತೆ ತೆರೆಯಿತು. ಅಕ್ಕ ತಲೆ ಒಳಹಾಕಿ ಸಿಟ್ಟಿನಲ್ಲೇ ಕೂಗಿದಳು: "ಒಲಿ ಮ್ಯಾಲ ಹಾಲೈತಿ, ಉಕ್ಕೀತು!"

ಪಾರವ್ವನಿಗೆ ಇದು ನೆನಪೇ ಇರಲಿಲ್ಲ. ಬಹಳ ಹೊತ್ತು ಪರದೆಯನ್ನೇ ನೋಡಿದಳು.

"ಅಳಸ್ಲ್ಯಾ?" ಎಂದಳು ಮೈಮೂನಾ.

"ತಡಿಯವಾ."

ಪಾರವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಫೋನ್ ಹಚ್ಚಿದಳು. "ಅಕ್ಕಾ, ಅವತ್ತ ಹಾಲು ಉಕ್ಕೇಬಿಡ್ತು."



"ಗೊತ್ತಿತ್ತ ನನಗ," ಎಂದಿತು ಅಕ್ಕನ ದನಿ. "ನಿನ್ನ ಲಕ್ಷ್ಯ ಒಲಿ ಮ್ಯಾಲ ಯಾವಾಗಿತ್ತು?"