ಹುಳ ಕರೆಯುವ ಕೆಲಸ

ಬೆಟಗೇರಿಯಲ್ಲಿ ಈಗ ನೀರಿನ ಪೈಪು ಒಡೆದರೆ ಯಾರೂ ರಸ್ತೆ ಅಗೆಯುವುದಿಲ್ಲ, ಹುಳ ಬಿಡುತ್ತಾರೆ. ಟೊಳ್ಳು ಮೈಯ ಆ ಹುಳವನ್ನು ಒಂದು ಚೇಂಬರಿನಲ್ಲಿ ಬಿಟ್ಟರೆ, ಸಾಕಿದವರು ಮುಂದಿನ ಚೇಂಬರಿನ ಬಾಯಲ್ಲಿ ಕೂತು ಕರೆಯಬೇಕು. ಅದು ಒಡಕಿನ ಜಾಗಕ್ಕೆ ಬಂದ ಕೂಡಲೇ ಮೇಸ್ತ್ರಿ ಬಿಸಿ ಹಬೆ ಬಿಡುತ್ತಾನೆ. ಹುಳ ಸತ್ತು, ಪೈಪಿನ ಒಳಮೈಗೆ ಅಂಟಿ ಕಲ್ಲಾಗುತ್ತದೆ. ಐವತ್ತು ವರ್ಷ ಸೋರುವುದಿಲ್ಲ.

ಫಕೀರವ್ವ ತನ್ನ ಹುಳವನ್ನು ಆರು ತಿಂಗಳು ಬಚ್ಚಲ ತೊಟ್ಟಿಯಲ್ಲಿಟ್ಟು ಅಂಬಲಿ ಕುಡಿಸಿ ಸಾಕಿದ್ದಳು. ಇವತ್ತು ಚೇಂಬರಿನ ಮುಂದೆ ಕೂತವಳು ಅದನ್ನು ಕರೆಯಲೇ ಇಲ್ಲ. ತಾನು ಕರೆಯದಿದ್ದರೆ ಅದು ಬಂದ ದಾರಿಯಲ್ಲೇ ಹಿಂದಿರುಗಿ ಬದುಕಿಕೊಂಡೀತು ಎಂಬ ಆಸೆ ಅವಳದು.

"ಕರೀರಿ ಅಕ್ಕಾರ, ಓಣ್ಯಾಗ ನೀರಿಲ್ದ ಒಂಬತ್ತ ದಿನ ಆತು," ಎಂದ ಮೇಸ್ತ್ರಿ ಪರಸಪ್ಪ.

"ಗಂಟಲಾ ಕಟ್ಟೇತಿ," ಎಂದು ಅವಳು ಹುಳಕ್ಕೆ ಕೇಳದಂತೆ ಪಿಸುಗುಟ್ಟಿದಳು.

"ಮುಂಜಾನೆ ಟ್ಯಾಂಕರ್ ಮುಂದ ಜಗಳಾಡೂವಾಗ ಛಲೋ ಇತ್ತಲ್ರಿ."

ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೆಲದೊಳಗೆ ಹುಳ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಮ್ಮೆಲೇ ಸರಸರ ಸದ್ದಾಯಿತು. ಅದು ಹಿಂದಕ್ಕೆ ಹೋಗುತ್ತಿರಲಿಲ್ಲ. ಸಾಕಿದವಳ ದನಿ ಕೇಳಿಸದೆ ಗಾಬರಿಯಾಗಿ, ಅವಳನ್ನು ಹುಡುಕಿಕೊಂಡು ಮುಂದಕ್ಕೆ ಓಡಿ ಬರುತ್ತಿತ್ತು.

ಒಡಕಿನ ಜಾಗದಲ್ಲಿ ಸದ್ದು ಕೇಳಿದೊಡನೆ ಪರಸಪ್ಪ ಹಬೆ ಬಿಟ್ಟ.

ಅರ್ಧ ತಾಸಿನಲ್ಲಿ ಓಣಿಯ ನಳಗಳಿಗೆಲ್ಲ ನೀರು ಬಂತು. ಪರಸಪ್ಪ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಖುಷಿಯಿಂದ ಹೇಳಿದ: "ಕರದ್ರ ಎರಡೆರಡ ತಾಸು ಆಟಾ ಆಡಸ್ತಿದ್ವು. ಇದು ಹತ್ತ ನಿಮಿಷಕ್ಕ ಬಂತ ನೋಡ್ರಿ. ನೀವು ಸುಮ್ನ ಕುಂತದ್ದ ಛಲೋ ಆತು ಅಕ್ಕಾರ. ಇನ್ನ ಮ್ಯಾಲ ಯಾರೂ ಕರ್ಯೂದ ಬ್ಯಾಡಂತ ಎಲ್ಲಾರಿಗೂ ಹೇಳ್ತೀನಿ."