ಔಷಧದ ಫ್ಲಾಪಿ

ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಕಳಚಿ, ತೂರಿದ ಭತ್ತದ ಹಾಗೆ ಕೆಳಗೆ ಉದುರತೊಡಗಿದಾಗ ಅಮರಗುಂಡಪ್ಪ ಕೀಲಿಮಣೆಯಿಂದ ಕೈ ತೆಗೆದುಬಿಟ್ಟ. ನಾಳೆ ಸಿಂಧನೂರಿನಲ್ಲಿ ಹಂಚಬೇಕಿದ್ದ ಅವನ ವಾರಪತ್ರಿಕೆ ಕಣ್ಣೆದುರೇ ರಾಶಿಯಾಯಿತು. ಕಂಪ್ಯೂಟರಿನ ವೈರಸ್ ಕಳೆಯಲು ಅವನ ಬಳಿ ಇದ್ದದ್ದು ಒಂದೇ ಹಳೆಯ ಫ್ಲಾಪಿ. ಅದನ್ನು ಹೋದ ವಾರ ಮಸ್ಕಿಯ ಡಿಟಿಪಿ ಅಂಗಡಿಯ ವೆಂಕೋಬನಿಗೆ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದ. ಬೇಸತ್ತು ಫೋನ್ ತಿರುಗಿಸಿದ.

“ವೆಂಕೋಬಾ, ಆ ಔಷಧದ ಫ್ಲಾಪಿ ಲಗೂನ ಕಳಸಪಾ. ಇಲ್ಲಿ ಅಕ್ಷರ ಉದುರಾಕತ್ತಾವ.”

“ಇಲ್ಲೂ ಉದುರಾಕತ್ತಾವಣ್ಣ. ನಿನ್ನ ಫ್ಲಾಪಿ ಹಾಕಿದಾಗಿಂದ.”

ಅಮರಗುಂಡಪ್ಪ ಹಣೆಯ ವಿಭೂತಿಯೂ ಅಳಿಸಿಹೋಗುವಂತೆ ಮುಖ ಒರೆಸಿಕೊಂಡ.

“ಹಂಗಾದ್ರ ಅದಕ್ಕ ರೋಗ ಹತ್ತೇತಿ. ಮುರಿದು ಒಲಿಗೆ ಹಾಕು.”

“ಎಲ್ಲೈತಣ್ಣ? ಲಿಂಗಸುಗೂರಿನ ಡಿಟಿಪಿಯವ್ರು ಬೇಡಿದ್ರು. ಗುಂಡಪ್ಪಣ್ಣನ ಔಷಧ ಅಂತ ಹೇಳಿ ಈಗಷ್ಟ ಬಸ್ಸಿಗೆ ಕೊಟ್ಟು ಬಂದೆ.”