ಉಸಿರಿನ ಅಕ್ಷರ

ಯೆಹೂದಿಗಳ ಧರ್ಮಗ್ರಂಥವನ್ನು ಚರ್ಮದ ಸುರುಳಿಯ ಮೇಲೆ ಕೈಯಲ್ಲೇ ಬರೆಯುತ್ತಿದ್ದ ಮುದುಕ, ಸುರುಳಿಗೆಂದು ಮರದ ಪೆಟ್ಟಿಗೆ ತಂದಿದ್ದ ಬಡಗಿಯನ್ನು ಕೂರಿಸಿ ಹೇಳಿದ:

"ಈಗ ದೇವರ ಹೆಸರು ಬರೀಬೇಕು. ಹೀಬ್ರೂನಲ್ಲಿ ನಾಲ್ಕೇ ಅಕ್ಷರ. ಶುರು ಮಾಡಿದ ಮೇಲೆ ರಾಜನೇ ಬಂದು ಕರೆದರೂ ನಾನು ಮಾತಾಡೋ ಹಾಗಿಲ್ಲ, ಏಳೋ ಹಾಗಿಲ್ಲ."

"ಅಷ್ಟು ಮಡೀನಾ?"

"ಎರಡನೇದೂ ಕೊನೇದೂ ಉಸಿರಿನ ಅಕ್ಷರ ಕಣಪ್ಪ. ಒಂದು ಎಳೆದುಕೊಳ್ಳೋ ಉಸಿರು, ಇನ್ನೊಂದು ಬಿಡೋ ಉಸಿರು. ನಡುವೆ ತಡೀಬಾರದು."

ಮೂರು ಅಕ್ಷರ ಮುಗಿದವು. ಕೊನೆಯದಕ್ಕೆ ಲೇಖನಿ ಊರಿದಾಗ ಒಳಕೋಣೆಯಿಂದ ಹೆಂಗಸಿನ ದನಿ ಬಂತು.

"ರೀ, ಸ್ವಲ್ಪ ನೀರು ಕೊಡ್ರಿ."

ಮುದುಕ ತಲೆ ಎತ್ತಲಿಲ್ಲ.

"ಯಜಮಾನ್ರೇ, ಅಮ್ಮಾವ್ರು ಕರೀತಿದಾರೆ."

ದನಿ ಮತ್ತೆ ಬಂತು, ಈ ಸಲ ಕ್ಷೀಣವಾಗಿ. ಬಡಗಿಗೆ ತಡೆಯಲಾಗಲಿಲ್ಲ. ಮೂಲೆಯ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಒಳಗೆ ಹೋದ.

ಅವನು ಬರಿದಾದ ಲೋಟ ಹಿಡಿದು ಹೊರಬರುವ ಹೊತ್ತಿಗೆ ಮುದುಕ ಕೊನೆಯ ಗೆರೆ ಎಳೆದು ಲೇಖನಿ ಕೆಳಗಿಟ್ಟಿದ್ದ.

"ಪಾಪ, ಎಷ್ಟು ದಾಹ ಆಗಿತ್ತೋ, ಒಂದೇ ಉಸಿರಿಗೆ ಕುಡಿದುಬಿಟ್ರು," ಎಂದ ಬಡಗಿ.

"ಏನಾದ್ರೂ ಅಂದಳಾ?"

"'ಅವರನ್ನ ಏಳಿಸಬೇಡ, ಬರೀಲಿ' ಅಂದ್ರು."

ಮುದುಕ ಲೋಟವನ್ನು ಕೈಗೆ ತೆಗೆದುಕೊಂಡು ಅದರ ತಳವನ್ನೇ ನೋಡಿದ.

"ಹೋದ ವರ್ಷ ಕೇಳಿದ ನೀರಪ್ಪ ಇದು. ಆವತ್ತು ಈ ಅಕ್ಷರ ಮುಗಿಸಿ ನಾನು ಒಳಗೆ ಹೋಗೋವಷ್ಟರಲ್ಲಿ ಅವಳ ಉಸಿರು ನಿಂತುಹೋಗಿತ್ತು."